ಸೀತಾಂಗೋಳಿಯಲ್ಲಿ ಬಿಚ್ಚಿದ ಪೆಟ್ಟಿಗೆ

ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟವರು ಸೀತಾಂಗೋಳಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಗಂಡ ದುಬೈಯಲ್ಲಿ ಮನೆ ಹಿಡಿದು ಕಾಯುತ್ತಿದ್ದಾರೆ. ಮಗಳನ್ನೂ ಕೈಗೂಸನ್ನೂ ಕರೆದುಕೊಂಡು ಹೋಗಬೇಕಾದವಳು ನಾನೊಬ್ಬಳೇ. ಈವರೆಗೆ ವಿಮಾನ ಹತ್ತಿದವಳಲ್ಲ.

ಕಾರಿನ ಡ್ರೈವರ್ ಹಮೀದ್ ಚಹಾ ಆರಿಸುತ್ತ ಸುಮ್ಮನೆ ಕೇಳಿದರು: "ಪೆಟ್ಟಿಗೆಯಲ್ಲಿ ಗಸಗಸೆ ಎಂತ ಇಲ್ಲ ಅಲ್ವಾ ಅಕ್ಕಾ? ಅಲ್ಲಿ ಅದಕ್ಕೆ ಅಫೀಮಿನದ್ದೇ ಲೆಕ್ಕ. ಸಿಕ್ಕಿದ್ರೆ ಜೈಲು."

ಪೆಟ್ಟಿಗೆ ತುಂಬಿಸಿದ್ದು ಅತ್ತೆ. ಕೂಡಲೇ ಎಡನೀರಿನ ಮನೆಗೆ ಫೋನ್ ಮಾಡಿದೆ.

"ಇಟ್ಟಿದ್ದೇನೆ ಮಗಾ," ಎಂದರು ಅತ್ತೆ ಸಂತೋಷದಿಂದ. "ಹೊಸ ಜಾಗ ಅಲ್ವಾ, ಮಗುವಿಗೆ ನಿದ್ದೆ ಬರ್ಲಿಕ್ಕಿಲ್ಲ. ಚೂರು ಪಾಯಸ ಮಾಡಿ ಕುಡಿಸು."

ಅಲ್ಲೇ ಬೆಂಚಿನ ಮೇಲೆ ಹಗ್ಗ ಬಿಚ್ಚಿದೆವು. ಹಪ್ಪಳ, ಕುಚ್ಚಲಕ್ಕಿ, ಮಗುವಿನ ಅಂಗಿಗಳು. ಉಣ್ಣೆಯ ಟೊಪ್ಪಿಯೊಳಗೆ ಗಸಗಸೆಯ ಕಟ್ಟು ಸಿಕ್ಕಿತು. ಒಂದು ಕಾಳೂ ಅಂಟಿರಬಾರದೆಂದು ಪ್ರತಿ ಅಂಗಿಯನ್ನೂ ತಿರುವಿ ಕೊಡವಿದೆ. ಕಣ್ಣಿಗೂ ಸರಿಯಾಗಿ ಕಾಣದ ಕಾಳಿಗೆ ಹೆದರಬೇಕಾದ ಊರಿನಲ್ಲಿ ಇನ್ನು ಯಾವುದಕ್ಕೆಲ್ಲ ಹೆದರಬೇಕೋ, ಯಾರು ಹೇಳಿಕೊಡುತ್ತಾರೋ?

ಚಹಾದಂಗಡಿಯವರು ಆ ಕಟ್ಟನ್ನು ಖುಷಿಯಿಂದ ಇಸಿದುಕೊಂಡು ಸಕ್ಕರೆ ಡಬ್ಬಿಯ ಪಕ್ಕದಲ್ಲಿಟ್ಟರು. ಇಲ್ಲಿ ಅದು ಬರೀ ಪಾಯಸದ ಸಾಮಾನು.

ಹಮೀದ್ ಹಗ್ಗವನ್ನು ಬಿಗಿದು ಕಟ್ಟಿ, "ಇನ್ನು ಹೆದರ್ಬೇಡಿ," ಎಂದರು. ಮಗಳು ಕಾರು ಹತ್ತಿದಳು. ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

"ಸಿಕ್ಕಿತಾ ಮಗಾ, ಎರಡು ಕಟ್ಟೂ?"