ನಾಲ್ಕು ತುಂಡಾದ ಮೊದಲ ಪ್ರೂಫ್

2022ರಲ್ಲಿ ರಾಯಚೂರಿನ ನನ್ನ ಪ್ರಿಂಟ್ ಸ್ಟುಡಿಯೊಗೆ ಆರ್ಕೈವಲ್ ಪ್ರಿಂಟರ್ ಬಂದು ಮೂರು ವರ್ಷವಾಗಿತ್ತು. ಚಿತ್ರಗಳ ಪ್ರತಿಗಳನ್ನು ಆಮ್ಲವಿಲ್ಲದ ಹತ್ತಿ ಕಾಗದದ ಮೇಲೆ, ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ ಮುದ್ರಿಸುವ ಯಂತ್ರವದು. ‘ನೂರು ವರ್ಷ ಬಣ್ಣ ಮಾಸುವುದಿಲ್ಲ’ ಎಂದು ಬೋರ್ಡಿನಲ್ಲೇ ಬರೆಸಿದ್ದೆ. ಅಷ್ಟು ಸೊಕ್ಕು ನನಗೆ.

ಜೂನ್‌ನಲ್ಲಿ ಮಾನ್ವಿಯಿಂದ ಶಂಕ್ರಪ್ಪ ಮಾಸ್ತರರು ಬಂದರು. ನಿವೃತ್ತ ಡ್ರಾಯಿಂಗ್ ಮಾಸ್ತರರು. ಹರೆಯದಲ್ಲಿ ಬರೆದ ಅಮೂರ್ತ ಚಿತ್ರವೊಂದನ್ನು ದೇವದುರ್ಗದ ಅಕ್ಕಿ ಗಿರಣಿ ಮಾಲೀಕರೊಬ್ಬರಿಗೆ ಮಾರಿದ್ದರು. ಅದರ ಪ್ರತಿ ಈಗ ಮಾಸ್ತರರಿಗೆ ತಮ್ಮ ಮನೆಯ ಗೋಡೆಗೆ ಬೇಕಿತ್ತು.

“ಕಣ್ಣಿಗೆ ಗ್ಲಾಕೋಮಾ ಅದರೀ. ಭಾಳ ದಿನಾ ಕಾಣೂದಿಲ್ಲ ಅಂದಾರ ಡಾಕ್ಟರು. ಕಾಣೂತನಕ ದಿನಾ ನೋಡಬೇಕು. ಲಗೂ ಮಾಡಿಕೊಡ್ರಿ,” ಎಂದರು. ಅವಸರ ಮಾಡದ ಗಿರಾಕಿ ಯಾರಿದ್ದಾರೆ ಎಂದುಕೊಂಡು ಆ ಮಾತನ್ನು ಅಲ್ಲೇ ಬಿಟ್ಟೆ.

ಮಾಲೀಕರು ಹೈದರಾಬಾದಿಗೆ ಮನೆ ಬದಲಿಸುವವರಿದ್ದರು. ಮರುದಿನವೇ ದೇವದುರ್ಗಕ್ಕೆ ಹೋಗಿ ಚಿತ್ರದ ಫೋಟೊ ತೆಗೆದುಕೊಂಡು ಬಂದೆ. ಆಕಾರವೆಂಬುದೇ ಇಲ್ಲದ ಚಿತ್ರ. ಕಪ್ಪು, ಕೆಂಪು, ನಡುವೆ ಎಳೆ ಜೋಳದ ಹಸಿರಿನದೊಂದು ಪಟ್ಟಿ. ಆ ಹಸಿರನ್ನು ರೊಟ್ಟಿಯಷ್ಟು ದಪ್ಪಗೆ ಬಳಿದಿದ್ದರು.

ಹತ್ತು ದಿನಕ್ಕೆ ಮೊದಲ ಪ್ರೂಫ್, ಅಂದರೆ ಬಣ್ಣ ನೋಡಲು ತೆಗೆಯುವ ಪರೀಕ್ಷಾ ಪ್ರತಿ, ಸಿದ್ಧವಾಯಿತು. ಮಾಸ್ತರರು ಅದನ್ನು ಬಾಗಿಲ ಬಿಸಿಲಿಗೆ ಒಯ್ದು, ಮುಖದ ಹತ್ತಿರ ಹಿಡಿದು ನಕ್ಕರು.

“ಇದನ್ನ ಕೊಟ್ಟುಬಿಡ್ರಿ. ನನಗ ಇಷ್ಟ ಸಾಕು.”

“ಹಸಿರು ಅಸಲಿ ಚಿತ್ರಕ್ಕ ಕೂಡಿಲ್ಲ ಮಾಸ್ತರ. ಇಂಥಾದ್ದು ನನ್ನ ಅಂಗಡಿಯಿಂದ ಹೊರಗ ಹೋಗೂದಿಲ್ರಿ.”

ಒಪ್ಪಿಗೆಯಾಗದ ಪ್ರೂಫನ್ನು ಕತ್ತರಿಸಿಹಾಕುವುದು ನನ್ನ ಪದ್ಧತಿ. ಅವರ ಕೈಯಿಂದ ತೆಗೆದುಕೊಂಡು, ಅವರೆದುರಿಗೇ ನಾಲ್ಕು ತುಂಡು ಮಾಡಿದೆ. ಹೊರಡುವಾಗ ಅವರು ಚಪ್ಪಲಿಗಾಗಿ ಕಾಲಿನಿಂದ ನೆಲ ತಡಕಾಡಿದರು. ಅದನ್ನು ನೋಡಿಯೂ ನಾನು ಯಂತ್ರದ ಕಡೆಗೆ ತಿರುಗಿದೆ.

ಮತ್ತೆ ನಾಲ್ಕು ಪ್ರೂಫ್ ತೆಗೆದೆ, ನಾಲ್ಕನ್ನೂ ಕತ್ತರಿಸಿದೆ. ಕಾಗದ ಮುಗಿಯಿತು, ಮುಂಬೈಯಿಂದ ಬರುವುದು ತಡವಾಯಿತು. ದಸರೆ ಮುಗಿದ ಮೇಲೆ ಹಸಿರು ಕೂಡಿತು. ಅಷ್ಟು ಚೆಂದದ ಪ್ರಿಂಟನ್ನು ನಾನು ಮತ್ತೆಂದೂ ತೆಗೆದಿಲ್ಲ.

ಅದನ್ನು ಕೊಡಲು ಹೋದಾಗ, ಮಾನ್ವಿಯ ಅವರ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದಿಟ್ಟು ತಿಂಗಳುಗಳಾಗಿದ್ದವು. ಮಾಸ್ತರರಿಗೆ ಕಿಟಕಿಯ ಬೆಳಕೂ ಕಾಣುತ್ತಿರಲಿಲ್ಲ.

“ಗಣಪತಿ ಹಬ್ಬದ ತನಕ ಒಂದೀಟು ಕಾಣತಿತ್ರಿ,” ಎಂದರು ಅವರ ಹೆಂಡತಿ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ಹಸಿರು ಎಲ್ಲಿ ಅದ?” ಮಾಸ್ತರರು ಕೇಳಿದರು. ಹೆಂಡತಿ ಅವರ ಬೆರಳು ಹಿಡಿದು ಪಟ್ಟಿಯ ಮೇಲಿಟ್ಟರು. ಆ ದಪ್ಪ ಬಣ್ಣ ಪ್ರಿಂಟಿನಲ್ಲಿ ಎಲ್ಲಿಂದ ಬರಬೇಕು? ಬೆರಳು ಮೇಲಿಂದ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು.

“ಎಲ್ಲಾ ಒಂದ ಸಮ ಅದರೀ,” ಎಂದರು.

ಪ್ರತಿ ಎಷ್ಟು ವರ್ಷ ಬಾಳುತ್ತದೆಂದು ಹೇಳುವ ಮೊದಲು, ನೋಡುವವರಿಗೆ ಎಷ್ಟು ದಿನ ಉಳಿದಿವೆ ಎಂದು ಕೇಳಬೇಕೆಂಬುದನ್ನು ಈ ಕಸುಬು ನನಗೆ ಕಲಿಸಿತು. ಮಾಸ್ತರರಂತೂ ನಾನು ಕೇಳುವ ಮೊದಲೇ ಹೇಳಿದ್ದರು. ಬೋರ್ಡಿನ ಆ ಸಾಲನ್ನು ಅಳಿಸಿಹಾಕಿದ್ದೇನೆ. ಅದರಿಂದ ಅವರಿಗೇನು ಬಂತು? ಆ ತಪ್ಪು ಹಸಿರನ್ನೇ ಅವರು ಗಣಪತಿ ಹಬ್ಬದವರೆಗೆ ದಿನಾ ನೋಡಬಹುದಿತ್ತು.