ಬಾಟ್ಲಿ ಅಕ್ಕನ ಮುಚ್ಚಳಗಳು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸೇತುವೆಯ ಕೆಳಗೆ ಹೋಗಿ ನೋಡಿ. ಮೊಣಕಾಲುದ್ದದ ಗಂಬೂಟು ಹಾಕಿಕೊಂಡು, ನೀರು ಹರಿದು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿರುವ ಒಬ್ಬ ಕುಳ್ಳಗಿನ ಹೆಂಗಸು ಕಂಡೇ ಕಾಣುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅವಳ ಸೋಮವಾರ ಇದೇ. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳ ಹುದ್ದೆಗೆ ಸಹಾಯಕಿ ಎಂದು ಹೆಸರು. ಆ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ, ಊರಿಗೆಲ್ಲ ಅವಳು ಬಾಟ್ಲಿ ಅಕ್ಕ. ಹೊಸಬರು ಯಾರಾದರೂ ಆ ಹೆಸರು ಕೇಳಿ ಕಿಸಕ್ಕೆಂದರೆ, "ನಾನು ಕುಡಿಯೋದಿಲ್ಲಪ್ಪಾ, ನೀವು ನದಿಗೆ ಏನು ಕುಡಿಸಿದ್ದೀರ ಅಂತ ನೋಡ್ತೀನಿ" ಎನ್ನುತ್ತಾಳೆ. ಅವಳ ಬಾಯಿಗೆ ಸಿಕ್ಕವರು ಇನ್ನೊಂದು ಸಲ ನಗುವುದಿಲ್ಲ.

ನೀರು ಹಿಡಿಯುವುದೇನು ಮಹಾ ಎನ್ನಬೇಡಿ. ನದಿಯುದ್ದಕ್ಕೂ ಏಳು ಜಾಗ, ಏಳು ಬಾಟ್ಲಿ. ಪ್ರತಿ ಬಾಟ್ಲಿಯನ್ನೂ ಆಯಾ ಜಾಗದ ನೀರಿನಲ್ಲೇ ಮೂರು ಸಲ ಕುಲುಕಿ ಬೆನ್ನ ಹಿಂದಕ್ಕೆ ಚೆಲ್ಲಬೇಕು. ಆಮೇಲೆ ಮೊಣಕೈ ಮುಳುಗುವಷ್ಟು ಕೈ ಇಳಿಸಿ ತುಂಬಬೇಕು, ಮೇಲೆ ತೇಲುವ ಕಸ ಒಳಗೆ ಬರಬಾರದು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಎಲ್ಲವನ್ನೂ ಮಂಜುಗಡ್ಡೆಯ ಡಬ್ಬಕ್ಕೆ ತುಂಬಿ ಮಧ್ಯಾಹ್ನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಇವುಗಳ ಜೊತೆ ಎಂಟನೆಯದೊಂದು ಬಾಟ್ಲಿ ಇರುತ್ತದೆ. ಅದರಲ್ಲಿ ನದಿಯ ನೀರಿಲ್ಲ, ಲ್ಯಾಬಿನಲ್ಲೇ ಕಾಯಿಸಿ ಆವಿಯಿಂದ ಇಳಿಸಿದ ಅಪ್ಪಟ ನೀರು. ಸುಮ್ಮನೆ ಊರೆಲ್ಲ ಸುತ್ತಾಡಿಕೊಂಡು ವಾಪಸು ಬರುತ್ತದೆ. ಅದರಲ್ಲಿ ಏನೂ ಸಿಗಬಾರದು, ಸಿಕ್ಕಿತೋ, ತಪ್ಪು ನದಿಯದಲ್ಲ, ನಮ್ಮದು. ಅದನ್ನು ಅವಳು ಸಾಕ್ಷಿ ಬಾಟ್ಲಿ ಎಂದು ಕರೆಯುತ್ತಾಳೆ.

ಇನ್ನು ಅವಳ ಶುದ್ಧದ ಹುಚ್ಚು! ಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುವವಳು. ಲ್ಯಾಬಿನ ಸಿಂಕಿನ ಎದುರು ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅವಳು ತೊಳೆದ ಬಾಟ್ಲಿಯನ್ನು ಕಣ್ಣು ಮುಚ್ಚಿ ತಗೋಬಹುದು ಎಂದು ಕೆಮಿಸ್ಟ್ ಮೇಡಂ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ನಾಲ್ಕನೇ ಜಾಗದ ದಡದಲ್ಲಿರುವುದು ಅವಳ ಸ್ವಂತ ಅಣ್ಣನ ಹೊಲ. ಅಣ್ಣನೂ ಅಷ್ಟೇ, ಅವನ ಅಕ್ಕಪಕ್ಕದ ನಲವತ್ತು ಮನೆಯವರೂ ಅಷ್ಟೇ, ನೀರಿನ ಅಂಚಿನವರೆಗೂ ಉಳುತ್ತಾರೆ. ಒಂದು ಮಳೆ ಬಿದ್ದರೆ ಸಾಕು, ಹಾಕಿದ ಗೊಬ್ಬರ ಮಣ್ಣಿನ ಜೊತೆ ಸೀದಾ ನದಿಗೆ. ನದಿಯ ಮೇಲೆ ಹಸಿರು ಪಾಚಿ ದಪ್ಪಗೆ ಕಟ್ಟುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಕೆಳಗಿನ ಪಟ್ಟಣದವರು ಕುಡಿಯುವುದು ಇದೇ ನೀರನ್ನು. ದಡದಲ್ಲಿ ಹತ್ತು ಹೆಜ್ಜೆ ಜಾಗ ಉಳದೆ ಹುಲ್ಲಿಗೆ ಬಿಡಿ, ಹುಲ್ಲು ಗೊಬ್ಬರವನ್ನು ತಡೆಯುತ್ತದೆ ಎಂದು ನಾಲ್ಕು ವರ್ಷದಿಂದ ಅವಳು ಗಂಟಲು ಹರಿದುಕೊಂಡಿದ್ದಳು. "ನಿನ್ನ ಬಾಟ್ಲಿಗೋಸ್ಕರ ನಾನು ಹೊಲ ಬಿಡ್ಲೇನೇ?" ಎಂದು ಅಣ್ಣ ರೇಗುತ್ತಿದ್ದ. ದಡದವರೆಲ್ಲ ಅವನ ಮುಖ ನೋಡುವವರು. ಅವನು ಹೂಂ ಅಂದರೆ ಎಲ್ಲರೂ ಹೂಂ.

ಕಳೆದ ತಿಂಗಳ ವರದಿ ಬಂದದ್ದೇ ಅಣ್ಣ ಮೆತ್ತಗಾದ. ನಾಲ್ಕನೇ ಜಾಗದಲ್ಲಿ ಗೊಬ್ಬರದಿಂದ ಬರುವ ಫಾಸ್ಫೇಟು ಮಿತಿಯ ಐದು ಪಟ್ಟು! ಆ ಸಂಖ್ಯೆಗೆ ಕೆಂಪು ಸುತ್ತು ಹಾಕಿ ರೈತರ ಸಂಘದ ಗೋಡೆಗೆ ಅಂಟಿಸಿದ್ದರು. ಅಣ್ಣ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ತಂಗಿಯ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, "ಗುರುವಾರ ಸಭೆ ಇದೆಯಲ್ಲ, ಬಿಡ್ತೀನಿ ಅಂತ ಹೇಳ್ತೀನಿ, ಸಾಕಾ?" ಎಂದು ಹೊರಟೇ ಹೋದ. ಅವತ್ತು ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಳು, ಸಂತೋಷಕ್ಕೆ.

ಆ ಗುರುವಾರಕ್ಕೆ ಮುಂಚಿನ ಸೋಮವಾರ. ಮೇಡಂ ಒಂದೊಂದೇ ನೀರಿಗೆ ಔಷಧಿ ಹಾಕುತ್ತಿದ್ದರು. ಫಾಸ್ಫೇಟು ಇದ್ದರೆ ನೀರು ನೀಲಿಯಾಗುತ್ತದೆ, ಹೆಚ್ಚಿದ್ದಷ್ಟೂ ಕಡು ನೀಲಿ. ಏಳೂ ಮುಗಿದು ಎಂಟನೆಯದಕ್ಕೆ ಬಂದರು. ಸಾಕ್ಷಿ ಬಾಟ್ಲಿಯ ನೀರೂ ನೀಲಿಯಾಯಿತು.

ಹೊಲವನ್ನೇ ಕಾಣದ ನೀರಿಗೆ ಯಾರು ಗೊಬ್ಬರ ಹಾಕಿದರು? ನೀರು ಇಳಿಸುವ ಯಂತ್ರ ಕೆಟ್ಟಿದ್ದರಿಂದ ಕಳೆದ ತಿಂಗಳೆಲ್ಲ ಸಾಕ್ಷಿ ಬಾಟ್ಲಿಯೇ ಇರಲಿಲ್ಲ. ಹಾಗಾದರೆ ಗೋಡೆಯ ಮೇಲಿನ ಕೆಂಪು ಸುತ್ತು? ಅವಳು ಬಾಟ್ಲಿ ಮೂಸಿದಳು, ಏನೂ ಇಲ್ಲ. ಮುಚ್ಚಳ ಮೂಸಿದಳು. ಅವಳ ಮನೆಯ ಬಟ್ಟೆಯ ವಾಸನೆ!

ಆಗ ನೆನಪಾಯಿತು. ತಿಂಗಳ ಹಿಂದೆ ಮುಚ್ಚಳಗಳ ಅಂಚು ಕಪ್ಪಗಾಗಿದೆ ಎಂದು ಇವಳಿಗೆ ತಡೆಯಲಾಗಲಿಲ್ಲ. ಮನೆಯಿಂದ ಬಟ್ಟೆ ಸೋಪಿನ ಪುಡಿ ತಂದು, ಬಕೆಟ್ಟಿನಲ್ಲಿ ಕಲಸಿ, ಅಷ್ಟನ್ನೂ ನೆನೆಹಾಕಿದ್ದಳು. ಆಮೇಲೂ ವಾರವಾರ ಹಾಗೇ ಮಾಡಿದಳು. ಫಳಫಳ ಹೊಳೆಯುತ್ತಿದ್ದವು. ಆ ಪುಡಿಯಲ್ಲಿ ಫಾಸ್ಫೇಟು ಇತ್ತು. ಮುಚ್ಚಳದೊಳಗಿನ ಮೆತ್ತನೆಯ ಬಿಲ್ಲೆ ಸೋಪಿನ ನೀರನ್ನು ಕುಡಿದು ಕೂತಿತ್ತು. ನದಿಯಲ್ಲಿ ಮೂರು ಸಲ ಕುಲುಕಿದ್ದು ಬಾಟ್ಲಿಯನ್ನು, ಮುಚ್ಚಳವನ್ನಲ್ಲ. ಕೊಳಕಿಯೊಬ್ಬಳು ಈ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ, ಇವಳಂಥವಳೇ ಬೇಕು.

"ನಾನೇ, ಮೇಡಂ. ನನ್ನ ಕೈಯಾರೆ ಮಾಡ್ದೆ" ಎಂದು ಎಲ್ಲವನ್ನೂ ಹೇಳಿದಳು.

ಮಂಗಳವಾರ ಬಾಟ್ಲಿಗಳಿಗೆ ಹೊಸ ಮುಚ್ಚಳ ಹಾಕಿಕೊಂಡು ಏಳೂ ಜಾಗ ಮತ್ತೆ ಸುತ್ತಿದಳು. ಗುರುವಾರ ಮಧ್ಯಾಹ್ನ ಲೆಕ್ಕ ಕೈಗೆ ಬಂತು. ಸಾಕ್ಷಿ ಬಾಟ್ಲಿ ತಿಳಿಯಾಗಿತ್ತು. ನಾಲ್ಕನೇ ಜಾಗದಲ್ಲಿ ಮಿತಿಯ ಐದು ಪಟ್ಟಲ್ಲ, ಎರಡು ಪಟ್ಟು.

ಮೇಡಂ ಕೆಟ್ಟವರಲ್ಲ, ಅವರಿಗೂ ನದಿಯ ಚಿಂತೆಯೇ. "ಅಕ್ಕಾ, ಎರಡು ಪಟ್ಟೂ ಜಾಸ್ತೀನೇ ತಾನೆ? ಇವತ್ತು ಸಭೆ ಆಗ್ಲಿ, ಅವರು ಒಪ್ಕೊಳ್ಲಿ. ಮುಂದಿನ ತಿಂಗಳ ವರದೀಲಿ ಸರಿ ಮಾಡೋಣ."

ಅವಳಿಗೂ ಆಸೆಯಾಗಲಿಲ್ಲವೇ? ಆಯಿತು, ಯಾಕೆ ಮುಚ್ಚಿಡಬೇಕು! ನಾಲ್ಕು ವರ್ಷ ಕಾದದ್ದು ಇನ್ನು ಎರಡು ಗಂಟೆಯಲ್ಲಿ ಕೈಗೆ ಬರುವುದಿತ್ತು. ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಸುಮಾರು ಹೊತ್ತು ಕೂತಿದ್ದಳು. ಕೊನೆಗೆ, "ನದಿ ಬಗ್ಗೆ ಸುಳ್ಳು ಹೇಳೋಕೆ ನಾನ್ಯಾಕೆ ಬೇಕು ಮೇಡಂ, ಊರಲ್ಲಿ ಜನ ಇಲ್ವಾ?" ಎಂದು ಎದ್ದಳು. ಮೇಡಂ ಹೊಸ ಲೆಕ್ಕದ ಹಾಳೆಯನ್ನು ಅವಳ ಕೈಗೆ ಕೊಟ್ಟರು.

ಸಭೆ ಸಂಘದ ಗೋದಾಮಿನಲ್ಲಿ. ಕುರ್ಚಿ ಸಾಲದೆ ಅರ್ಧ ಜನ ಗೊಬ್ಬರದ ಮೂಟೆಗಳ ಮೇಲೆ ಕೂತಿದ್ದರು. ಅಣ್ಣ ಮಾತಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅವಳು ಎದ್ದು ನಿಂತಳು.

"ಅಣ್ಣಾ, ಒಂದು ನಿಮಿಷ. ಗೋಡೆ ಮೇಲಿರೋ ಲೆಕ್ಕ ತಪ್ಪು. ಮುಚ್ಚಳಾನ ಸೋಪಿನ ಪುಡೀಲಿ ತೊಳೆದವಳು ನಾನು. ಐದು ಪಟ್ಟಲ್ಲ, ಎರಡೇ ಪಟ್ಟು. ಅದೂ ಜಾಸ್ತೀನೇ. ಆದ್ರೆ ಐದಲ್ಲ."

ಆಗ ಶುರುವಾಯಿತು ನೋಡಿ! "ನಮ್ಮ ಗೊಬ್ಬರ ಅಲ್ವಂತೆ, ಅಕ್ಕನ ಸೋಪಂತೆ!" ಎಂದು ಒಬ್ಬ ಮೂಟೆ ಬಡಿದು ನಕ್ಕ. "ಇಪ್ಪತ್ತೆರಡು ವರ್ಷ ಇದೇ ಕತೆನಾ?" ಎಂದು ಇನ್ನೊಬ್ಬ. ಆ ಮಾತು ಅವಳ ಎದೆಗೆ ನಾಟಿತು. ಆದರೂ ಕೂರಲಿಲ್ಲ. ಅಣ್ಣನ ಮುಖವಂತೂ ಕೆಂಡವಾಗಿತ್ತು. ಇಷ್ಟು ದಿನ ಊರವರ ಕಣ್ಣಿಗೆ ಅವನು ನದಿಗೆ ವಿಷ ಹಾಕಿದವನಾಗಿದ್ದ. ಅದೂ ಸ್ವಂತ ತಂಗಿಯ ದೆಸೆಯಿಂದ.

"ನಗೋದು ಸಾಕು" ಎಂದ ಅಣ್ಣ. ಅವನು ತಂಗಿಯ ಕಡೆ ತಿರುಗಲಿಲ್ಲ, ಜನರಿಗೆ ಹೇಳಿದ: "ನನ್ನ ಮಾನ ಕಳೆದಳು, ಅದನ್ನ ಮನೇಲಿ ನೋಡ್ಕೋತೀನಿ. ಆದ್ರೆ ಒಂದು ಮಾತು. ನಾನು ಒಪ್ಕೊಳ್ಳೋಕೆ ಅಂತ್ಲೇ ಇವತ್ತು ಬಂದಿದ್ದೆ, ಇವಳಿಗೂ ಗೊತ್ತಿತ್ತು. ಸುಳ್ಳು ಹೇಳೋಳಾಗಿದ್ರೆ ಬಾಯಿ ಮುಚ್ಕೊಂಡು ಕೂತಿದ್ರೆ ಆಗ್ತಿತ್ತು. ಇವಳು ಎರಡು ಪಟ್ಟು ಅಂದ್ರೆ ಎರಡೇ ಪಟ್ಟು. ನಾನು ಹತ್ತು ಹೆಜ್ಜೆ ಬಿಡ್ತೀನಿ. ನೀವು ಏನಾದ್ರೂ ಮಾಡ್ಕೊಳಿ."

ನಲವತ್ತು ಮನೆಯವರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಅವತ್ತು ಕೈ ಎತ್ತಿದ್ದು ಹನ್ನೊಂದು ಮನೆಯವರು. ಉಳಿದವರು ನೋಡೋಣ ಎಂದು ಎದ್ದು ಹೋದರು.

ಮಾರನೇ ದಿನ ಬೆಳಿಗ್ಗೆ ಅಣ್ಣ ಹೊಲದ ದಡದಲ್ಲಿ ಗೂಟ, ಸುತ್ತಿಗೆ ಹಿಡಿದು ಕಾಯುತ್ತಿದ್ದ. ತಂಗಿ ಬಂದಾಗ ಮುಖ ಇನ್ನೂ ಊದಿಕೊಂಡೇ ಇತ್ತು.

"ನೀನೇ ಅಳೆ" ಎಂದ. "ನಾನು ಅಳೆದ್ರೆ ಹೆಜ್ಜೆ ಕಿರಿದು ಮಾಡ್ದ ಅಂತಾರೆ. ನಿನ್ನ ಅಳತೆಗೆ ಯಾರೂ ಎದುರಾಡಲ್ಲ."

ಅವಳ ಕಣ್ಣು ತುಂಬಿ ಬಂತು. ನೀರಿಗೆ ಬೆನ್ನು ಮಾಡಿ ನಡೆದಳು. ಒಂದು, ಎರಡು, ಮೂರು. ಹತ್ತನೇ ಹೆಜ್ಜೆಗೆ ನಿಂತಳು. ಅಣ್ಣ ಗೂಟ ನೆಟ್ಟು ಸುತ್ತಿಗೆ ಎತ್ತಿದ.

"ತಾಳಣ್ಣಾ" ಎಂದಳು. ತನ್ನ ಕಾಲು ನೋಡಿಕೊಂಡಳು, ಅಣ್ಣನ ಕಾಲು ನೋಡಿದಳು. "ನಾನು ಕುಳ್ಳಿ. ನನ್ನ ಹೆಜ್ಜೇಲಾದ್ರೆ ಹನ್ನೆರಡು ಆಗ್ಬೇಕು."

ಅಣ್ಣ ಎತ್ತಿದ ಸುತ್ತಿಗೆಯನ್ನು ಇಳಿಸದೆ ಅವಳನ್ನೇ ದುರುಗುಟ್ಟಿ ನೋಡಿದ. "ಹಾಳಾಗ್ ಹೋಗು" ಎಂದು ಬೈದು, ಗೂಟ ಕಿತ್ತುಕೊಂಡು ಬಂದು, ಹನ್ನೆರಡನೇ ಹೆಜ್ಜೆಯಲ್ಲಿ ಬಡಿದ.