ಅಕ್ಕ ಬರೆದ ಡ್ರೈವರ್

ಅಕ್ಕನ ಬಲಗೈ ಹೆಬ್ಬೆರಳಿನ ತುದಿ ಗಾಜಿನಂತೆ ನುಣ್ಣಗಿತ್ತು. ಬೆಸುಗೆ ಹಾಕುವ ಬಿಸಿ ಕಡ್ಡಿ ಎಷ್ಟೋ ಸಲ ತಾಗಿ ಅಲ್ಲಿಯ ಗೆರೆಗಳು ಅಳಿಸಿಹೋಗಿದ್ದವು. ಆಧಾರ್ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. ಬೇರೆಯವರಾಗಿದ್ದರೆ ಗೊಣಗುತ್ತಿದ್ದರು. ಅಕ್ಕ ಮಾತ್ರ ಉಳಿದ ಬೆರಳುಗಳನ್ನು ಒಂದೊಂದಾಗಿ ಇಟ್ಟು, ಯಂತ್ರ ಯಾವುದನ್ನು ಒಪ್ಪುತ್ತದೆಂದು ನೋಡುತ್ತ ನಿಂತುಬಿಡುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಲೇ ಇರುತ್ತಿತ್ತು.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಚಾಮರಾಜನಗರದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾಗಿದ್ದರು. ನಾನು ಪಿಯುಸಿ ಮುಗಿಸಿ, ಗುಂಡ್ಲುಪೇಟೆ ಹತ್ತಿರದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಅಕ್ಕ ನಮ್ಮಲ್ಲಿಗೆ ಬಂದಾಗಲೆಲ್ಲ ಬಸ್ಸಿನಲ್ಲಿ ಏನಾದರೊಂದು ಪ್ರಶ್ನೆ ಹುಟ್ಟಿರುತ್ತಿತ್ತು. ಒಮ್ಮೆ ಚಪ್ಪಲಿ ಬಿಡುವ ಮೊದಲೇ, "ಕಂಡಕ್ಟ್ರು ಟಿಕೆಟ್ ಮಿಷನ್‌ನಲ್ಲಿ ಪೇಪರ್ ಮುಗೀತು ಅಂತ ಆ ಮಿಷನ್ಗೆ ಎಂಗ್ ಗೊತ್ತಾಯ್ತದೆ ಯೋಳು ನೋಡಾನ" ಎಂದು ಕೇಳಿದ್ದರು. ನನಗೆ ತಿಳಿಯದೆಂದಾಗ ಖುಷಿಯಿಂದ, "ನಂಗೂ ಗೊತ್ತಿಲ್ಲ ಕಣಮ್ಮಿ" ಅಂದರು.

ನಮ್ಮದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುತ್ತೇವೆ. ಆ ಕೋಣೆಯ ಶಾಖ, ತೇವ ಎರಡೂ ಹದವಾಗಿರಬೇಕು. ಹೀಟರ್, ಫ್ಯಾನು, ನೀರು ಸಿಂಪಡಿಸುವ ಯಂತ್ರ ಮೂರನ್ನೂ ಒಂದು ಹಳೇ ಕಂಪ್ಯೂಟರ್, ತನ್ನೊಳಗಿನ ಒಂದು ಕಾರ್ಡಿನ ಮೂಲಕ ಹಾಕಿ ಆರಿಸುತ್ತಿತ್ತು. ಆ ಕಂಪ್ಯೂಟರ್ ಕೆಟ್ಟಿತು. ಹೊಸದನ್ನು ತಂದು ಕಾರ್ಡ್ ಸಿಕ್ಕಿಸಿದರೆ, ಅದಕ್ಕೆ ಕಾರ್ಡಿನ ಗುರುತೇ ಹತ್ತಲಿಲ್ಲ. ಕಾರ್ಡ್ ಮಾಡಿದ ಕಂಪನಿ ಯಾವಾಗಲೋ ಮುಚ್ಚಿಹೋಗಿತ್ತು.

ಅಕ್ಕ ಬಂದು ಕಾರ್ಡನ್ನು ಬೆಳಕಿಗೆ ಹಿಡಿದರು. "ಇದ್ಕೇನೂ ಆಗಿಲ್ಲ. ಇವೆರಡ್ರ ನಡುವೆ ಮಾತಾಡೋ ಡ್ರೈವರ್ ಇಲ್ಲ, ಅಷ್ಟೇ. ಬರೆಯಾನ."

ಡ್ರೈವರ್ ಅಂದರೆ ಒಂದು ಸಣ್ಣ ಪ್ರೋಗ್ರಾಂ. ಕಾರ್ಡಿಗೆ ಬರುವ ತಂತಿಗಳಲ್ಲಿ ಯಾವುದು ಹೊತ್ತಿದೆ, ಯಾವುದು ಆರಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು, ಕಂಪ್ಯೂಟರ್ ಹೇಳಿದ್ದನ್ನು ಹೊತ್ತಿಸುವುದು, ಆರಿಸುವುದು ಅದರ ಕೆಲಸ. ಕಾರ್ಡಿನ ಮೇಲಿದ್ದ ಚಿಪ್‌ನ ವಿವರಗಳನ್ನು ಅಕ್ಕ ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದರು. ನಾನು ಪಕ್ಕದಲ್ಲಿ ಕೂತು ಅಂಕಿಗಳನ್ನು ಓದಿ ಹೇಳುತ್ತಿದ್ದೆ.

"ಸೊನ್ನೆ ಅಂದ್ರೆ ಆಫ್ ಅಲ್ವಾ ಅಕ್ಕ?" ಎಂದು ಕೇಳಿದೆ.

"ಅಂಗಂತ ಯಾರು ಯೋಳುದ್ರು? ಕಾರ್ಡನ್ನೇ ಕೇಳು."

ಹೀಟರು, ಫ್ಯಾನುಗಳ ಬದಲು ಒಂದು ಹಲಗೆಗೆ ಬಲ್ಬುಗಳನ್ನು ಸಿಕ್ಕಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಕಂಪ್ಯೂಟರಿನ ಪಕ್ಕ ಇಟ್ಟಿದ್ದರು. ನಾನು ಸೊನ್ನೆ ಒತ್ತಿದೆ. ಬಲ್ಬು ಹೊತ್ತಿಕೊಂಡಿತು. ಈ ಕಾರ್ಡಿನಲ್ಲಿ ಎಲ್ಲ ತಿರುಗುಮುರುಗು. ನನಗೆ ಆಗ ಆದ ಸಂತೋಷವನ್ನು ಯಾರಿಗೂ ಬಿಡಿಸಿ ಹೇಳಲಾರೆ. ನಾನು ಕೇಳಿದ್ದಕ್ಕೆ ಒಂದು ಯಂತ್ರ ಉತ್ತರ ಕೊಟ್ಟಿತ್ತು.

ಡ್ರೈವರ್ ಕೆಲಸ ಮಾಡತೊಡಗಿತು. ಮೊಟ್ಟೆ ಒಡೆಯುವ ದಿನ ಹತ್ತಿರ ಬಂದಿತ್ತು. ಯಜಮಾನರು ಹಲಗೆ ಕಿತ್ತು ಹೀಟರ್ ಜೋಡಿಸಲು ಬಂದರು. ಅಕ್ಕ ತಡೆದು, ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಕಂಪ್ಯೂಟರ್ ಇನ್ನೂ ಕಣ್ಣು ಬಿಡುವ ಮೊದಲೇ ಹೀಟರಿನ ಬದಲಿಗಿದ್ದ ಬಲ್ಬು ಝಗ್ಗನೆ ಹೊತ್ತಿತು. ಸ್ವಲ್ಪ ಹೊತ್ತಿಗೆ ಡ್ರೈವರ್ ಎದ್ದು ಅದನ್ನು ಆರಿಸಿತು.

ಅಕ್ಕನ ಕಣ್ಣುಗಳು ಅರಳಿದವು. "ನಮ್ ಡ್ರೈವರ್ ಏಳಕ್ಕೆ ಮುಂಚೆ ಇಲ್ಲಿ ಯಾರು ಮಾತಾಡ್ತಾವ್ರೆ?"

"ಒಂದ್ ಗಳಿಗೆ ತಾನೆ ಅತ್ಗೆ, ಬುಡಿ. ನಾಳೆ ಹುಳ ಬತ್ತವೆ" ಎಂದರು ಯಜಮಾನರು.

"ಆ ಗಳಿಗೇಲೇ ಕಂಪ್ಯೂಟರ್ ನಿಂತೋದ್ರೆ? ಹೀಟರ್ ಉರೀತಾನೇ ಇದ್ದು ಹುಳ ಬೆಂದೋಯ್ತವೆ. ಕರೆಂಟ್ ಬಂದೇಟ್ಗೆ ಕಾರ್ಡ್ ಸೊನ್ನೇಲಿ ಏಳ್ತದೆ, ಅಂದ್ರೆ ಆನ್; ಇದು ಡ್ರೈವರ್ ಕೈಯಲ್ಲಿ ಆಗೋ ಕೆಲ್ಸ ಅಲ್ಲ. ಡ್ರೈವರ್ ಅಲ್ಲಿ ಇರೋದೇ ಇಲ್ವಲ್ಲ. ಹೀಟರ್ ಹಾಕಬ್ಯಾಡ."

ಯಜಮಾನರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ರೈತರಿಗೆ ಮಾತು ಕೊಟ್ಟಾಗಿತ್ತು. ಆ ಸಲದ ಹುಳುಗಳನ್ನು ಒದ್ದೆ ಗೋಣಿಚೀಲ ಕಟ್ಟಿ, ಹೀಟರನ್ನು ಕೈಯಲ್ಲೇ ಹಾಕಿ ಆರಿಸಿ ಸಾಕಿದೆವು. ನನ್ನ ಸೊಂಟ ಬಿದ್ದುಹೋಯಿತು. ಒಳಗೊಳಗೇ ನಾನೂ ಅಕ್ಕನ ಮೇಲೆ ಸಿಡುಕುತ್ತಿದ್ದೆ.

ಹುಳು ಮೊದಲನೇ ಜ್ವರಕ್ಕೆ ಕೂತಾಗ ಮಳೆಗಾಳಿಗೆ ಕರೆಂಟು ಹೋಗಿ ಬಂತು. ಬೆಳಿಗ್ಗೆ ಯಜಮಾನರು ಅಡುಗೆಮನೆಗೆ ಹೋದರೆ, ಕಂಪ್ಯೂಟರ್ ಪರದೆಯ ಮೇಲೆ ಏನೋ ಪ್ರಶ್ನೆ ಬರೆದುಕೊಂಡು ಉತ್ತರಕ್ಕಾಗಿ ಕಾಯುತ್ತ ನಿಂತಿದೆ. ಹೀಟರಿನ ಬಲ್ಬು ಉರಿಯುತ್ತಲೇ ಇದೆ. ಅವರು ಬಲ್ಬನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. ಒಲೆ ಹಚ್ಚಿ ತಾವೇ ಕಾಫಿ ಕಾಸಿ ಅತ್ತಿಗೆಗೆ ಕೊಟ್ಟರು. ಅವರು ಒಲೆ ಹಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅಕ್ಕ ಒಂದು ಸಣ್ಣ ಪೆಟ್ಟಿಗೆ ಮಾಡಿದರು. ಡ್ರೈವರ್ ಎದ್ದು, ನಾನಿದ್ದೇನೆ ಎಂದು ಮಿಡಿಯುತ್ತಿದ್ದರೆ ಮಾತ್ರ ಆ ಪೆಟ್ಟಿಗೆ ಹೀಟರಿಗೆ ಕರೆಂಟು ಬಿಡುತ್ತದೆ. ಆ ಮಿಡಿತದ ಸಾಲುಗಳನ್ನು ನನ್ನ ಕೈಯಲ್ಲೇ ಬರೆಸಿದರು. ತಪ್ಪಿದರೆ ತಿದ್ದುತ್ತಿರಲಿಲ್ಲ. "ಓಡ್ಸಿ ನೋಡು, ಅದೇ ಯೋಳ್ತದೆ" ಅನ್ನುತ್ತಿದ್ದರು.

ಹೋದ ವರ್ಷ ಅಕ್ಕನಿಗೆ ಹೃದಯದ ತೊಂದರೆಯಾಗಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಅಕ್ಕನ ಬೆರಳಿಗೆ ನಾಡಿ ಅಳೆಯುವ ಯಂತ್ರದ ಕ್ಲಿಪ್ ಹಾಕಿದ್ದರು. ನಾನು ಕಿತ್ತಳೆ ಸುಲಿಯುತ್ತಿದ್ದಂತೆ ಅಕ್ಕ ಅದನ್ನು ಕಳಚಿ ಮಂಚದ ಮೇಲಿಟ್ಟರು. ಯಂತ್ರ ಕೂಗಿಕೊಂಡಿತು. ನರ್ಸ್ ಓಡಿಬಂದು ಬೈದು, ಮತ್ತೆ ಸಿಕ್ಕಿಸಿ ಹೋದಳು.

"ಯಾಕಕ್ಕ ಇಂಗ್ ಮಾಡುದ್ರಿ?"

"ಬೆರಳಿಂದ ಕ್ಲಿಪ್ ಜಾರಿದ್ರೂ, ನಾನೇ ಜಾರಿದ್ರೂ ಒಂದೇ ಥರ ಕೂಗ್ತದಾ ಅಂತ. ಕೇಳಾನ ಆ ಹುಡುಗೀನ?"

ಅದನ್ನು ಕೇಳುವ ಹೊತ್ತಿಗೆ ಆಕೆಯ ಪಾಳಿ ಮುಗಿದಿತ್ತು. ಅದೇ ವಾರ ಅಕ್ಕ ತೀರಿಕೊಂಡರು.

ತಿಥಿಯ ದಿನ ಚಾಮರಾಜನಗರದ ಮನೆ ತುಂಬ ಅಕ್ಕನ ಹಳೆಯ ವಿದ್ಯಾರ್ಥಿಗಳು. ತಲೆ ನರೆತವರೂ ಇದ್ದರು. ಅವರಲ್ಲೊಬ್ಬರು, ಮೇಡಂ ಕೊನೆಗಾಲದಲ್ಲಿ ಒಂದು ಡ್ರೈವರ್ ಬರೆದರಂತೆ, ನಿಜವೇ ಎಂದು ಯಾರನ್ನೋ ಕೇಳುತ್ತಿದ್ದರು. ಎಲೆ ಹಾಕುತ್ತಿದ್ದವಳು ನಿಂತು ಹೇಳಿದೆ. ಕಾರ್ಡಿನ ತಿರುಗುಮುರುಗು, ಬಲ್ಬು, ಪೆಟ್ಟಿಗೆ, ಮಿಡಿತ ಎಲ್ಲವನ್ನೂ ಹೇಳಿದೆ. ಅವರು ಒಂದರ ಮೇಲೊಂದು ಪ್ರಶ್ನೆ ಹಾಕಿದರು. ಉತ್ತರ ಕೊಡುತ್ತ ಹೋದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ.

ಕೊನೆಗೆ ಅವರು, "ನೀವು ಮೇಡಂ ಹತ್ರ ಯಾವ ಬ್ಯಾಚು?" ಎಂದು ಕೇಳಿದರು.

ಓರಗಿತ್ತಿ ಎನ್ನಲು ಬಾಯಿ ತೆರೆದಿದ್ದೆ.

"ಕೊನೇ ಬ್ಯಾಚು" ಎಂದೆ. "ನಾನೊಬ್ಳೇ ಇದ್ದೆ."